ಕನಿಷ್ಠ ವೇತನದ ಲೆಕ್ಕದಲ್ಲಿ ನಮ್ಮತ್ತೆ ಎಲ್ಲಿದ್ದಾರೆ? (2025ರ ಬೇಸಿಗೆಯ ಆನ್‌ಲೈನ್ ಚರ್ಚೆ)

ಲೈನ್ ನಂಬರ್ 7
2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನದ ಹೊಸ ಕರಡು ಹೊರಡಿಸಿದೆ. ಬೆಂಗಳೂರು ವಲಯದಲ್ಲಿ ಅಕುಶಲ ಕೆಲಸದವರಿಗೂ ತಿಂಗಳಿಗೆ 23 ಸಾವಿರ ಚಿಲ್ಲರೆ, ಸಣ್ಣ ಊರು, ಹಳ್ಳಿಗಳ ಮೂರನೇ ವಲಯದಲ್ಲಿ 19 ಸಾವಿರ ಚಿಲ್ಲರೆ. ಆಕ್ಷೇಪಣೆ, ಸಲಹೆ ಕೊಡೋಕೆ ಎರಡು ತಿಂಗಳು ಟೈಮು. ಮಾಲೀಕರ ಸಂಘಗಳು ಆಗಲೇ ಬೇಡ ಅಂತಿವೆ. ನಮ್ಮ ಲೈನಲ್ಲಿ ಊಟದ ಬೆಲ್ ಹೊಡೆದ್ರೆ ಇದೇ ಮಾತು. "ಬರ್ಲಿ ಬಿಡೇ, ಬಂದಾಗ ನಂಬಣ" ಅಂತಾಳೆ ಪಕ್ಕದ ಮಷೀನಿನವಳು.

ನಾನು ಪೀಣ್ಯ ಕಡೆ ಗಾರ್ಮೆಂಟ್ಸಲ್ಲಿ ಹದಿನಾಲ್ಕು ವರ್ಷದಿಂದ ಇದ್ದೀನಿ. ಹೆಲ್ಪರ್ ಆಗಿ ಸೇರಿದ್ದು, ಈಗ ಕಾಲರ್ ಕೂರಿಸೋ ಟೈಲರ್. ಹೋದ ತಿಂಗಳ ಸ್ಲಿಪ್ ಹೇಳ್ತೀನಿ. ಮೂಲವೇತನ, ತುಟ್ಟಿಭತ್ಯೆ ಸೇರಿ 13,400. ಪಿಎಫ್ 1,608, ಇಎಸ್ಐ (ಆಸ್ಪತ್ರೆ ವಿಮೆ) 101 ಹಿಡಿದು ಕೈಗೆ ಬಂದಿದ್ದು 11,691. ಶೀಟ್ ಮನೆ ಬಾಡಿಗೆ 5,500. ಸಿಲಿಂಡರ್ 855. ಹಾಲು ದಿನಕ್ಕೆ ಅರ್ಧ ಲೀಟರ್ ತಗೊಂಡ್ರೂ 700ರ ಆಸುಪಾಸು. ಸಂಘದ ಸಾಲದ ಕಂತು ವಾರಕ್ಕೆ 650. ಮಗಳು ಪಿಯುಸಿ, ಮಗ ಎಂಟನೇ ಕ್ಲಾಸು. ಅತ್ತೆ ನಮ್ಮ ಜೊತೆಗೇ ಇದ್ದಾರೆ, ಬಿಪಿ ಮಾತ್ರೆ, ಶುಗರ್ ಮಾತ್ರೆ. ಯಜಮಾನ್ರು ಪೇಂಟಿಂಗ್ ಕೆಲಸ, ತಿಂಗಳಲ್ಲಿ ಹದಿನೈದು ದಿನ ಸಿಕ್ಕಿದ್ರೆ ಪುಣ್ಯ.

ನನ್ನ ಪ್ರಶ್ನೆ ಒಂದೇ. ಈ 23 ಸಾವಿರ ಅನ್ನೋದನ್ನ ಯಾರು, ಹೆಂಗೆ ಲೆಕ್ಕ ಹಾಕಿದ್ರು? ಗೊತ್ತಿರೋರು ಬಿಡಿಸಿ ಹೇಳಿ. ಬೈಯೋರು ಸ್ವಲ್ಪ ತಡೆದು ಬೈಯಿರಿ.

ನೇರಮಾತು
ಬಿಟ್ಟಿ ಬಸ್ಸು, ಬಿಟ್ಟಿ ಅಕ್ಕಿ, 200 ಯೂನಿಟ್ ಕರೆಂಟು, ಅದರ ಮೇಲೆ ತಿಂಗಳಿಗೆ 2,000. ಇಷ್ಟೆಲ್ಲ ನಮ್ಮ ತೆರಿಗೆ ದುಡ್ಡಲ್ಲಿ ಕೊಟ್ಟ ಮೇಲೂ ಸಾಲಲ್ಲ ಅಂದ್ರೆ ಯಾರೇನು ಮಾಡೋಕಾಗುತ್ತೆ?

ಲೈನ್ ನಂಬರ್ 7
@ನೇರಮಾತು ಅಣ್ಣ, ನೀವು ತಡೆಯಲಿಲ್ಲ. ಇರಲಿ. ರೇಷನ್ ಕಾರ್ಡು ಅತ್ತೆ ಹೆಸರಲ್ಲಿದೆ, ಮನೆ ಯಜಮಾನಿ ಅಂದ್ರೆ ಅವರೇ. ಗೃಹಲಕ್ಷ್ಮಿ ದುಡ್ಡು ಅವರ ಖಾತೆಗೆ. ಬಂದ ತಿಂಗಳು ಮಾತ್ರೆಗೆ ಆಗುತ್ತೆ, ಬರದ ತಿಂಗಳು ನಾನು ತರ್ತೀನಿ. ಬಸ್ಸು ಫ್ರೀ ಆಗಿದ್ದು ನಿಜ, ಇಲ್ಲ ಅನ್ನಲ್ಲ. 2023ರ ಜೂನ್‌ಗೆ ಮುಂಚೆ ಟಿಕೆಟ್ ಉಳಿಸೋಕೆ ಎಷ್ಟೋ ಜನ ಎರಡು ಸ್ಟಾಪ್ ನಡೆದೇ ಬರೋರು. ಆದ್ರೆ ಯಜಮಾನ್ರಿಗೆ ಫ್ರೀ ಇಲ್ಲ, 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ 15 ಏರಿಸಿದ್ದು ಅವರ ಜೇಬಿಗೇ ಬಿತ್ತು. ಹಾಲು ಏಪ್ರಿಲ್ ಒಂದರಿಂದ ಲೀಟರಿಗೆ 4 ರೂಪಾಯಿ ಜಾಸ್ತಿ. ತೆರಿಗೆ ಅಂದ್ರಲ್ಲ, ಸೋಪು, ಪೇಸ್ಟು, ಮಗನ ಚಪ್ಪಲಿ, ಎಲ್ಲದಕ್ಕೂ ನಾನೂ ಕಟ್ತೀನಿ. ನನಗೆ ಬಿಲ್ಲು ಕೊಡಲ್ಲ ಅಷ್ಟೇ.

ಖಾತೆ ಕಿರ್ದಿ
ಸಣ್ಣಪುಟ್ಟ ಕಂಪನಿಗಳಿಗೆ ಸಂಬಳದ ಲೆಕ್ಕ ಬರೆಯುವುದು ನನ್ನ ಕೆಲಸ. ಅಮ್ಮ ಕೇಳಿದ ಪ್ರಶ್ನೆ ಚೆನ್ನಾಗಿದೆ, ಉತ್ತರ ಸ್ವಲ್ಪ ಉದ್ದ.

ಕನಿಷ್ಠ ವೇತನ ಕಾಯ್ದೆ ಬಂದದ್ದು 1948ರಲ್ಲಿ. ವೇತನ ಎಷ್ಟಿರಬೇಕು ಎಂಬ ಅಳತೆ ಅದರಲ್ಲಿರಲಿಲ್ಲ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಅಳತೆ ಹಾಕಿಕೊಟ್ಟಿತು. ದುಡಿಯುವವನೊಬ್ಬ, ಅವನ ಹೆಂಡತಿ, ಇಬ್ಬರು ಮಕ್ಕಳು. ಊಟದ ಲೆಕ್ಕಕ್ಕೆ ಗಂಡ 1 ಘಟಕ, ಹೆಂಡತಿ 0.8, ಮಗು ತಲಾ 0.6. ಕೂಡಿದರೆ ಸರಿಯಾಗಿ 3. ಒಂದೊಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಊಟ, ಇಡೀ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ ಬೇರೆ, ಇವುಗಳ ಜೊತೆ ಸೌದೆ ದೀಪ ಇತ್ಯಾದಿಗೆ ಒಟ್ಟು ವೇತನದ ಶೇ 20. ಆಮೇಲೆ 1991ರಲ್ಲಿ ರೆಪ್ಟಕೋಸ್ ಬ್ರೆಟ್ ಎಂಬ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವಕ್ಕೂ ಶೇ 25 ಸೇರಿಸಿ ಎಂದಿತು. ನಮ್ಮಲ್ಲಿ ವೇತನದ ವಾದ ಎಲ್ಲಿ ನಡೆದರೂ ಈ ಸೂತ್ರವನ್ನೇ ಮುಂದಿಡುತ್ತಾರೆ.

ಈಗ ತಮಾಷೆ ನೋಡಿ. ಕೇಂದ್ರದ 2019ರ ವೇತನ ಕಾನೂನಿಗೆ (ವೇತನ ಸಂಹಿತೆ) 2020ರಲ್ಲಿ ಕರಡು ನಿಯಮ ಬಂತು. ಅದರಲ್ಲಿ ಮನೆ ಬಾಡಿಗೆ ಎಂದರೆ ಊಟ-ಬಟ್ಟೆಯ ಖರ್ಚಿನ ಶೇ 10. ಊಟ-ಬಟ್ಟೆ 100 ರೂಪಾಯಿ ಎಂದಿಟ್ಟುಕೊಳ್ಳಿ, ಬಾಡಿಗೆ 10, ಸೇರಿ 110. ಉಳಿದ ಶೇ 45 ಮೇಲಿನ ಆ ಎರಡು ಬಾಬತ್ತಿಗೆ (20 ಮತ್ತು 25) ಹೋಗುತ್ತದೆ, ಅಂದರೆ ಈ 110 ಎಂಬುದು ವೇತನದ ಶೇ 55. ಪೂರ್ತಿ ವೇತನ 200. ಬಾಡಿಗೆ ಅದರಲ್ಲಿ 10. ನೂರಕ್ಕೆ ಐದು. 23,000 ಸಂಬಳವನ್ನು ಈ ಸೂತ್ರದಲ್ಲಿ ಬಿಡಿಸಿದರೆ ಬಾಡಿಗೆಗೆ ಸಿಗುವುದು 1,150.

ಕೋಡ್ ಕೂಲಿ
1,150ಕ್ಕೆ ನಮ್ಮ ಅಪಾರ್ಟ್‌ಮೆಂಟಲ್ಲಿ ಬೈಕ್ ನಿಲ್ಲಿಸೋಕೂ ಜಾಗ ಕೊಡಲ್ಲ.

ಲೈನ್ ನಂಬರ್ 7
@ಖಾತೆ ಕಿರ್ದಿ ಸಾರ್, ಎರಡು ಸಲ ಓದಿದೆ. ಬಾಡಿಗೆ ಬಿಡಿ. ಹೆಂಡತಿ 0.8 ಅಂದ್ರಲ್ಲ, ನಮ್ಮ ಫ್ಲೋರಲ್ಲಿ ಮುನ್ನೂರು ಜನ ಇದ್ದೀವಿ, ಗಂಡಸರು ಕಟಿಂಗ್ ಟೇಬಲ್ಲು, ಐರನ್ನು, ಮೆಕ್ಯಾನಿಕ್ಕು ಎಲ್ಲ ಸೇರಿ ಮೂವತ್ತು ಆಗಬಹುದು. ದುಡಿಯೋರು ನಾವು. ಮತ್ತೆ ನಾನು 1 ಆಗಿ, ನಮ್ಮ ಯಜಮಾನ್ರು 0.8 ಆಗ್ತಾರಾ?

ಇನ್ನೊಂದು. ನೀವು ಹೇಳಿದ ಮೂರರಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು. ನಮ್ಮತ್ತೆ ಎಲ್ಲಿ?

ಖಾತೆ ಕಿರ್ದಿ
ಅತ್ತೆ ಇಲ್ಲ. ಅಪ್ಪ ಅಮ್ಮನೂ ಇಲ್ಲ. ಆ ಲೆಕ್ಕದಲ್ಲಿ ಮುದುಕರೇ ಇಲ್ಲ.

0.8 ಬಗ್ಗೆ ಒಂದು ಮಾತು, ತಪ್ಪು ತಿಳಿಯಬಾರದು. ಹೆಂಗಸರಿಗೆ ಸಂಬಳ ಕಡಿಮೆ ಎಂದು ಅದರ ಅರ್ಥವಲ್ಲ. ಸಮಾನ ವೇತನಕ್ಕೆ 1976ರಲ್ಲೇ ಕಾಯ್ದೆ ಬಂದಿತ್ತು. ಇದು ಹೊಟ್ಟೆಯ ಅಳತೆ ಅಷ್ಟೆ. ಆದರೂ ದಿನಕ್ಕೆ ಎಂಟು ಗಂಟೆ ಪೆಡಲ್ ತುಳಿಯುವವರ ಹೊಟ್ಟೆಗೆ 0.8 ಹಾಕಿದವರು ಗಾರ್ಮೆಂಟ್ಸ್ ಫ್ಲೋರ್ ನೋಡಿರಲಿಲ್ಲ ಎಂಬುದು ಖಂಡಿತ. 1957ರಲ್ಲಿ ಈಗಿನಂಥ ಫ್ಲೋರ್ ನೋಡಲು ಸಿಗುತ್ತಿದ್ದುದೂ ಅಪರೂಪ.

ನಲವತ್ತು ಮಷೀನು
ಎಲ್ಲರೂ ಒಂದೇ ಕಡೆ ಮಾತಾಡ್ತಿದ್ದೀರಿ, ಇನ್ನೊಂದು ಕಡೆಯವನು ನಾನು. ಬೊಮ್ಮನಹಳ್ಳಿ ಹತ್ತಿರ ಸಣ್ಣ ಯೂನಿಟ್ಟು. 40 ಮಷೀನು, 46 ಜನ. ನಾನು ಎಕ್ಸ್‌ಪೋರ್ಟರ್ ಅಲ್ಲ. ದೊಡ್ಡ ಕಂಪನಿಯಿಂದ ಕತ್ತರಿಸಿದ ಬಟ್ಟೆ ತಂದು ಹೊಲಿದು ಕೊಡೋ ಜಾಬ್‌ವರ್ಕಿನವನು. ಪೀಸಿಗೆ ಇಷ್ಟು ಅಂತ ರೇಟು. ಆ ರೇಟು ಎರಡು ವರ್ಷದಿಂದ ಅಲ್ಲಾಡಿಲ್ಲ. ದುಡ್ಡು ಕೈಸೇರೋದು ಎರಡು ತಿಂಗಳು, ಮೂರು ತಿಂಗಳಿಗೆ. ಸಂಬಳ ಮಾತ್ರ ಏಳನೇ ತಾರೀಖಿಗೆ ಕೊಡಲೇಬೇಕು, ಕೊಡ್ತಾ ಇದ್ದೀನಿ.

13 ಸಾವಿರದಿಂದ 23 ಸಾವಿರಕ್ಕೆ ಒಂದೇ ಏಟಿಗೆ ಏರಿಸಿದ್ರೆ ತಿಂಗಳಿಗೆ ನಾಲ್ಕೂವರೆ ಲಕ್ಷ ಜಾಸ್ತಿ. ಎಲ್ಲಿಂದ ತರಲಿ? ನಮ್ಮ ರಾಜ್ಯದ ಕಾನೂನು ನಡೆಯದ ಆಂಧ್ರದ ಹಿಂದೂಪುರ ಇಲ್ಲಿಂದ ನೂರು ಕಿಲೋಮೀಟರು. ಬಾಂಗ್ಲಾದೇಶದಲ್ಲಿ 2023ರ ಡಿಸೆಂಬರ್‌ನಿಂದ ಗಾರ್ಮೆಂಟ್ಸ್ ಕನಿಷ್ಠ ವೇತನ 12,500 ಟಾಕಾ, ನಮ್ಮ ದುಡ್ಡಲ್ಲಿ ಹತ್ತು ಸಾವಿರವೂ ಆಗಲ್ಲ. ಬಯ್ಯರ್‌ಗೆ ಬೆಂಗಳೂರಾದ್ರೇನು, ಢಾಕಾ ಆದ್ರೇನು. ಏರಿಸಿ, ಬೇಡ ಅನ್ನಲ್ಲ. ಮೂರು ಕಂತಲ್ಲಿ ಏರಿಸಿ. ಇಲ್ಲಾಂದ್ರೆ ನಮ್ಮಂಥೋರು ಶಟರ್ ಎಳೀತೀವಿ, ದೊಡ್ಡೋರು ಮೂರನೇ ವಲಯಕ್ಕೆ ಹೋಗ್ತಾರೆ. ಈಗಾಗಲೇ ಹೋಗ್ತಾನೂ ಇದ್ದಾರೆ.

ಲೈನ್ ನಂಬರ್ 7
@ನಲವತ್ತು ಮಷೀನು ಏಳನೇ ತಾರೀಖಿಗೆ ಕೊಡ್ತೀನಿ ಅಂದ್ರಲ್ಲ, ಒಳ್ಳೇದಾಗ್ಲಿ. ಪ್ಯಾಕಿಂಗಲ್ಲಿ ಎರಡು ವಾರ ಹಾಕಿದ್ರು ನನ್ನ, ಆಗ ಶರ್ಟಿಗೆ ಟ್ಯಾಗ್ ಕಟ್ಟಿದ್ದೀನಿ. 39.99 ಯೂರೋ. ನಮ್ಮ ದುಡ್ಡಲ್ಲಿ ಮೂರೂವರೆ ಸಾವಿರದ ಮೇಲೆ ಅಂತ ಸೂಪರ್‌ವೈಸರ್ರೇ ಹೇಳಿದ್ರು. ನಾನು ಗಂಟೆಗೆ 60 ಕಾಲರ್ ಕೂರಿಸ್ತೀನಿ, ಟಾರ್ಗೆಟ್ 70. ಒಂದು ಗಂಟೆಯಲ್ಲಿ ನನ್ನ ಕೈಯಲ್ಲಿ ಹಾದುಹೋಗೋ ಶರ್ಟಿನ ಬೆಲೆ ಎರಡು ಲಕ್ಷ. ಅದರಲ್ಲಿ ನಾಲ್ಕು ಶರ್ಟಿನ ರೇಟು ನನ್ನ ತಿಂಗಳ ಸಂಬಳ.

ನಲವತ್ತು ಮಷೀನು
ಟ್ಯಾಗಿನ ರೇಟು ನನಗೆ ಬರಲ್ಲಮ್ಮ. ಅಂಗಡಿ ಬಾಡಿಗೆ, ಅವರ ತೆರಿಗೆ, ಹಡಗು, ಬ್ರ್ಯಾಂಡಿನ ಲಾಭ, ಎಕ್ಸ್‌ಪೋರ್ಟರ್, ಬಟ್ಟೆ, ಎಲ್ಲ ಕಳೆದು ಕೊನೆಗೆ ನನಗೆ. ನನ್ನ ರೇಟು ಹೇಳಿದ್ರೆ ನೀವೇ ಅಯ್ಯೋ ಅಂತೀರಿ.

ಖಾತೆ ಕಿರ್ದಿ
@ನಲವತ್ತು ಮಷೀನು ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡದಿದ್ದರೆ, ಕೊಳ್ಳುವ ಕಂಪನಿ ಆ ಮೊತ್ತವನ್ನು ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಬಹುದು. ಆದಾಯ ತೆರಿಗೆ ಕಾನೂನಿನಲ್ಲಿ ಈ ನಿಯಮ 2024ರ ಏಪ್ರಿಲ್‌ನಿಂದ ಇದೆ.

ನಲವತ್ತು ಮಷೀನು
ಗೊತ್ತು ಸಾರ್. ನೋಂದಣಿ ಇದೆ. ಕಾನೂನು ಹೇಳಿದ್ರೆ ಮುಂದಿನ ಆರ್ಡರ್ ಬರಲ್ಲ.

ಲೈನ್ ನಂಬರ್ 7
ಇದು ನಮ್ಮ ಕಥೇನೂ ಹೌದು.

ತೊಗರಿ ಕಣಜ
ನಾ ಕಲಬುರಗಿ ಕಡಿಯಾಂವ. ನಿಮ್ಮ ವಲಯದ ಲೆಕ್ಕ ನೋಡಿ ನಗು ಬರ್ತದ್ರಿ. ಬೆಂಗಳೂರಾಗ 23, ನಮ್ಮಂಥಾ ಹಳ್ಳಿ ಕಡಿ 19. ಯಾಕ ಅಂದ್ರ ನಮ್ಮ ಕಡಿ ಎಲ್ಲಾ ಸೋವಿ ಅಂತ. ತೊಗರಿ ನಮ್ಮ ಹೊಲದಾಗ ಬೆಳೀತದ, ಬ್ಯಾಳಿ ಕೊಳ್ಳಾಕ ಹೋದ್ರ ಬೆಂಗಳೂರ ರೇಟೇ. ಗ್ಯಾಸ್ ಸಿಲಿಂಡರ್ ನಮ್ಮ ಕಡಿ ಇನ್ನೂ ತುಟ್ಟಿ. ಖರೇ ಅಂದ್ರ ಮನಿ ಬಾಡಿಗಿ ಒಂದೇ ಕಡಿಮಿ. ಈಗ ಸಾಹೇಬ್ರು ಹೇಳಿದ್ರಲ್ಲ, ಬಾಡಿಗಿ ನೂರಕ್ಕ ಐದು ಅಂತ. ಮತ್ತ 4 ಸಾವಿರ ಯಾಕ ಕಡಿಮಿ ಮಾಡ್ಯಾರ?

ಉದ್ಯೋಗ ಖಾತ್ರಿ ಕೂಲಿ 2025ರಾಗ 370 ರೂಪಾಯಿ. ಕರಡಿನ 19 ಸಾವಿರ ಚಿಲ್ಲರೆ ಇಪ್ಪತ್ತಾರು ದಿನಕ್ಕ ಭಾಗಿಸ್ರಿ, 740ರ ಮ್ಯಾಲ ಬರ್ತದ. ಸರ್ಕಾರ ಮಾಲಕರಿಗಿ 740 ಕೊಡ್ರಿ ಅಂತದ, ತಾ ಕೊಡೂದು ಅದರ ಅರ್ಧ. ಅದೂ 2025ರಾಗ ಇದ್ದದ್ದು ವರ್ಷಕ್ಕ ನೂರು ದಿನ. ಉಳಿದ ದಿನ ಏನ್ ಮಾಡೂದು? ಬೆಂಗಳೂರಿಗಿ ಬರೂದು. ನಿಮ್ಮ ಅಪಾರ್ಟ್‌ಮೆಂಟ್ ಕಟ್ಟೋ ಜಾಗಾದಾಗ ನೀಲಿ ತಾಡಪತ್ರಿ ಗುಡಿಸಲು ನೋಡೀರಿಲ್ಲ, ಅದರಾಗ ನಮ್ಮ ಯಾದಗಿರಿ, ಕಲಬುರಗಿ, ರಾಯಚೂರು ಮಂದಿ ಎಷ್ಟು ಅದಾರ ಕೇಳಿ ನೋಡ್ರಿ.

ನಂಜುಂಡಪ್ಪ ಸಮಿತಿ 2002ರಾಗ 114 ತಾಲೂಕು ಹಿಂದುಳಿದಾವ ಅಂತ ಬರದು ಕೊಟ್ಟಿತ್ತು. ಆಗ ನಾ ಎಸ್ಸೆಸ್ಸೆಲ್ಸಿ. ಈಗ ನನ್ನ ಮಗ ಎಸ್ಸೆಸ್ಸೆಲ್ಸಿ.

ಖಾತೆ ಕಿರ್ದಿ
ಉದ್ಯೋಗ ಖಾತ್ರಿ ಕೂಲಿ ರಾಜ್ಯದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು ಎಂದು 2011ರಲ್ಲೇ ನಮ್ಮ ಹೈಕೋರ್ಟ್ ಹೇಳಿತ್ತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿಯೂ ತಡೆ ಸಿಗಲಿಲ್ಲ. ಆದರೂ 2025ರ ಕೂಲಿ ಎಷ್ಟೆಂಬುದನ್ನು ತೊಗರಿಯವರೇ ಹೇಳಿದ್ದಾರೆ, 370.

ತಡ್ಪೆ
ಮಂಗಳೂರಿನ ಕಡೆಯಿಂದ ಒಂದು ಮಾತು ಮಾರಾಯ್ರೆ. ನೀವೆಲ್ಲ ತಿಂಗಳ ಸಂಬಳದ ಸ್ಲಿಪ್ ಇರುವವರು. ನನ್ನ ಅಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವರು. ಸಾವಿರ ಬೀಡಿಗೆ ಇಷ್ಟು ಎಂದು ಲೆಕ್ಕ. ಎಲೆ ಒಣಗಿದ್ದರೆ, ಹರಿದಿದ್ದರೆ ಸಾವಿರ ಆಗುವುದೇ ಇಲ್ಲ, ಕಡಿಮೆ ಬಿದ್ದ ಎಲೆಯನ್ನು ನಾವೇ ಕೈಯಿಂದ ಹಣ ಕೊಟ್ಟು ತರಬೇಕು. ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟಿಂದ ಒಂದಷ್ಟು ಬೀಡಿ ತೆಗೆದು ಸರಿ ಇಲ್ಲ ಎಂದು ಬದಿಗಿಟ್ಟರೆ ಅದಕ್ಕೆ ದುಡ್ಡಿಲ್ಲ. ಮನೆಯ ಲೈಟು, ಮನೆಯ ಚಾಪೆ, ಸಂಜೆ ಶಾಲೆಯಿಂದ ಬಂದ ನಾವೂ ನೂಲು ಸುತ್ತುತ್ತಿದ್ದೆವು. ನಮ್ಮನ್ನು ಯಾವ ಘಟಕದಲ್ಲಿ ಸೇರಿಸಬೇಕು, 0.6ರಲ್ಲೋ, ಕೆಲಸದವರಲ್ಲೋ?

ಮತ್ತೆ ಆಶಾ ಕಾರ್ಯಕರ್ತೆಯರು. ಅವರದ್ದು ವೇತನವೇ ಅಲ್ಲ, ಗೌರವಧನ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತದ್ದಕ್ಕೆ ಕನಿಷ್ಠ 10,000 ಕೊಡುವ ಭರವಸೆ ಸಿಕ್ಕಿತು. ಅವರು ಕೇಳಿದ್ದು 15,000. ನೌಕರರು ಎಂದು ಕರೆದರೆ ಕಾಯ್ದೆ ಬರುತ್ತದೆ, ಸ್ವಯಂಸೇವಕಿ ಎಂದರೆ ಬರುವುದಿಲ್ಲ.

ಕೋಡ್ ಕೂಲಿ
ನಾನು ಸ್ವಲ್ಪ ಬೇರೆ ಥರ ಯೋಚಿಸ್ತೀನಿ, ಬೇಜಾರಾಗಬೇಡಿ. ಸಂಬಳ ಅನ್ನೋದು ಕೌಶಲಕ್ಕೆ ಸಿಗೋದು. ಕಾನೂನು ಮಾಡಿ ಏರಿಸಿದ್ರೆ ಮಷೀನ್ ಬರುತ್ತೆ ಅಷ್ಟೇ. ಮಕ್ಕಳನ್ನ ಓದಿಸಿ, ಅವರು ಆ ಲೈನಿಗೆ ಬರದೇ ಇರೋ ಹಾಗೆ ಮಾಡೋದೇ ದಾರಿ.

ಲೈನ್ ನಂಬರ್ 7
@ಕೋಡ್ ಕೂಲಿ ಬೇಜಾರಿಲ್ಲ. ಕೌಶಲ ಅಂದ್ರಲ್ಲ, ಭಾನುವಾರ ಬನ್ನಿ ನಮ್ಮನೆಗೆ, ಒಂದು ಕಾಲರ್ ಕೂರಿಸಿ ತೋರಿಸಿ. ಎರಡೂ ತುದಿ ಕೂದಲೆಳೆ ವ್ಯತ್ಯಾಸ ಇಲ್ಲದೆ ಬರಬೇಕು. ಆರು ತಿಂಗಳು ಕಲಿತಿದ್ದೀನಿ ನಾನು, ಬೆರಳಿಗೆ ಸೂಜಿ ಹೊಕ್ಕಿದ ಗುರುತು ಇನ್ನೂ ಇದೆ. ನಿಮ್ಮ ಮೈಮೇಲಿರೋ ಶರ್ಟು ಕೌಶಲ ಇಲ್ಲದೆ ಹೊಲಿದಿದ್ದಾ?

ತಡ್ಪೆ
ಶರ್ಟಿನ ಮಾತು ಬಂದ ಮೇಲೆ ಕೋಡ್ ಕೂಲಿಯವರು ಕಾಣುವುದೇ ಇಲ್ಲ.

ಕೋಡ್ ಕೂಲಿ
ಇದ್ದೀನಿ. ಸರಿ, ಆ ಮಾತು ವಾಪಸ್. ನಿಜ ಹೇಳಬೇಕು ಅಂದ್ರೆ ನನ್ನ ವಾದ ನನ್ನ ಫೀಲ್ಡಲ್ಲೇ ನಿಲ್ಲಲ್ಲ. 2013ರಲ್ಲಿ ಕ್ಯಾಂಪಸ್ಸಿಂದ ಸೇರಿದಾಗ ನನಗೆ ವರ್ಷಕ್ಕೆ 3.25 ಲಕ್ಷ. ಮೊನ್ನೆ ನಮ್ಮ ಟೀಮಿಗೆ ಸೇರಿದ ಹುಡುಗಿಗೆ 3.6. ಹನ್ನೆರಡು ವರ್ಷದಲ್ಲಿ ಪಿಜಿ ಬಾಡಿಗೆ ಡಬಲ್ ಆಗಿದೆ. ಅವಳ ಕೌಶಲ ನನಗಿಂತ ಜಾಸ್ತಿ, ಅದೂ ನಿಜ. ಮೆಟ್ರೋದಲ್ಲಿ ಬರ್ತಿದ್ದಳು, 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ಆದ ಮೇಲೆ ಬಸ್ಸಿಗೆ ಬಂದಿದ್ದಾಳೆ. ಫ್ರೀ ಬಸ್ಸಿಗೆ.

ಮೇಲಿನವರ ಗಳಿಕೆ ಹೇಗಿದೆ ಅನ್ನೋದಕ್ಕೆ ಒಂದು ಲೆಕ್ಕ ನೆನಪಿದೆ. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಪಿಕೆಟ್ಟಿ ಮತ್ತವರ ಜೊತೆಗಾರರು 2024ರಲ್ಲಿ ಬರೆದದ್ದು: 2022-23ರಲ್ಲಿ ದೇಶದ ಒಟ್ಟು ಆದಾಯದ ಶೇ 22.6 ಮೇಲಿನ ಶೇ 1 ಜನರಿಗೆ ಹೋಗ್ತಿತ್ತು. ಆಸ್ತಿಯಲ್ಲಿ ಶೇ 40.1. ಆ ಅಂದಾಜಿನ ಬಗ್ಗೆ ಅರ್ಥಶಾಸ್ತ್ರಜ್ಞರ ನಡುವೆ ಜಗಳ ಇದೆ. ಅರ್ಧ ಕಡಿಮೆ ಮಾಡ್ಕೊಂಡ್ರೂ ಸಣ್ಣದೇನಲ್ಲ.

ನೇರಮಾತು
ಹಾಗಾದ್ರೆ ಗ್ಯಾರಂಟಿ ನಿಲ್ಲಿಸಿ, ಸಂಬಳ ಏರಿಸಿ. ಎರಡೂ ಬೇಕು ಅಂದ್ರೆ ಹೆಂಗೆ?

ಖಾತೆ ಕಿರ್ದಿ
ಇದು ಮೊದಲ ಸಲ ನಿಮ್ಮ ಜೊತೆ ಅರ್ಧ ಒಪ್ಪುತ್ತೇನೆ. ಸಂಬಳ 11,691, ಖರ್ಚು ಅದಕ್ಕಿಂತ ಎಷ್ಟೋ ಹೆಚ್ಚು. ಅಂತರ ಎಲ್ಲಿಂದ ತುಂಬುತ್ತಿದೆ? ಒಂದಷ್ಟು ಅನ್ನಭಾಗ್ಯ, ಶಕ್ತಿ, ಗೃಹಲಕ್ಷ್ಮಿಯಿಂದ. ಒಂದಷ್ಟು ಸಾಲದಿಂದ. ಆ ಸಾಲದವರ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂದರೆ ಮಾಲೀಕ ಕೊಡಬೇಕಿದ್ದ ಸಂಬಳದ ಒಂದು ಪಾಲನ್ನು ಸರ್ಕಾರ ಕೊಡುತ್ತಿದೆ. ಬಿಟ್ಟಿ ಸಿಗುತ್ತಿರುವುದು ಯಾರಿಗೆ ಎಂದು ಕೇಳಬೇಕಾದದ್ದು ಅಲ್ಲಿ. ಆದರೆ ಸಂಬಳ ಏರುವ ಮೊದಲೇ ಬಸ್ಸು ನಿಲ್ಲಿಸಿದರೆ ಬೀಳುವುದು ಈ ಅಮ್ಮ, ಬ್ರ್ಯಾಂಡ್ ಅಲ್ಲ.

ಲೈನ್ ನಂಬರ್ 7
ಇನ್ನೊಂದು ಬಿಟ್ರಿ ಸಾರ್. ರಾಗಿ ಮೂಟೆ.

ನಮ್ಮೂರು ನಾಗಮಂಗಲ ಕಡೆ. ಅಮ್ಮ ಒಂದೆಕರೆ ಖುಷ್ಕಿಯಲ್ಲಿ ರಾಗಿ, ಸಾಲಿಗೆ ಅವರೆ, ಅಂಚಿಗೆ ಹುಚ್ಚೆಳ್ಳು ಹಾಕ್ತಾಳೆ. ಸಂಕ್ರಾಂತಿ ಆದಮೇಲೆ ಎರಡು ಮೂಟೆ ರಾಗಿ ಕೆಂಪು ಬಸ್ಸಿನ ಮೇಲೆ ಹಾಕಿ ಕಳಿಸ್ತಾಳೆ, ಲಗೇಜ್ ಚಾರ್ಜು ಅವಳದ್ದೇ. ಎಂಟು ತಿಂಗಳು ನಮ್ಮನೆ ಮುದ್ದೆ ಅದರಲ್ಲೇ. ನಮ್ಮ ಲೈನಲ್ಲಿ ಕೇಳಿ ನೋಡಿದೆ, ಮದ್ದೂರು, ಕುಣಿಗಲ್, ಗುಬ್ಬಿ, ಮಾಗಡಿ ಕಡೆಯವರು ಹೆಚ್ಚೂಕಡಿಮೆ ಎಲ್ಲರಿಗೂ ಊರಿಂದ ಏನಾದ್ರೂ ಬರುತ್ತೆ. ಬರದೇ ಇರೋರು ಒಡಿಶಾ, ಜಾರ್ಖಂಡ್ ಹುಡುಗೀರು, ಹಾಸ್ಟೆಲಲ್ಲಿರ್ತಾರೆ, ಅವರು ಓಟಿ ಮಾಡ್ತಾರೆ.

ನನ್ನ 13,400 ಸಾಕು ಅಂತ ಯಾರಿಗಾದ್ರೂ ಅನ್ನಿಸಿದ್ರೆ ಅದು ನಮ್ಮಮ್ಮನ ರಾಗಿಯಿಂದ. ಅಮ್ಮನಿಗೆ ಈಗ ಅರವತ್ತೆಂಟು.

ನಲವತ್ತು ಮಷೀನು
ನಮ್ಮ ಮನೆಗೂ ಊರಿಂದಲೇ ಬರೋದು. ಕನಕಪುರ.

ಖಾತೆ ಕಿರ್ದಿ
ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ, ಯಾರೂ ಇದನ್ನು ಮಾತಾಡುತ್ತಿಲ್ಲ. ಇಎಸ್ಐಗೆ ವೇತನದ ಮಿತಿ 21,000. 2017ರಿಂದ ಬದಲಾಗಿಲ್ಲ. ಕರಡಿನ 23 ಸಾವಿರ ಹಾಗೇ ಜಾರಿಯಾದರೆ ಬೆಂಗಳೂರಿನ ಅಕುಶಲ ಕೆಲಸಗಾರರೂ ಆ ಮಿತಿ ದಾಟುತ್ತಾರೆ. ನಡೆಯುತ್ತಿರುವ ಆರು ತಿಂಗಳ ಅವಧಿ ಮುಗಿದರೆ ಇಎಸ್ಐ ಕಟ್ಟುವುದು ನಿಲ್ಲುತ್ತದೆ, ಸ್ವಲ್ಪ ಕಾಲದ ಮೇಲೆ ಸೌಲಭ್ಯವೂ ಹೋಗುತ್ತದೆ. ಕೇಂದ್ರ ಮಿತಿ ಏರಿಸದೆ ರಾಜ್ಯ ವೇತನ ಏರಿಸಿದರೆ ಆಗುವುದು ಇದು. ಬೋನಸ್ ಕಾಯ್ದೆಯ ಮಿತಿಯೂ 2025ರ ಈ ಹೊತ್ತಿಗೆ ಅದೇ 21,000.

ಲೈನ್ ನಂಬರ್ 7
ಅಯ್ಯೋ. ಇದು ಗೊತ್ತಿರಲಿಲ್ಲ. ಹೋದ ವರ್ಷ ಮಗಳಿಗೆ ಅಪೆಂಡಿಕ್ಸ್ ಆಪರೇಷನ್ ಆಗಿದ್ದು ರಾಜಾಜಿನಗರದ ಇಎಸ್ಐ ಆಸ್ಪತ್ರೆಯಲ್ಲಿ. ಒಂದು ರೂಪಾಯಿ ಕೊಟ್ಟಿಲ್ಲ. ಹೊರಗೆ ಮಾಡಿಸಿದ್ರೆ ಇನ್ನೊಂದು ಸಂಘಕ್ಕೆ ಸೇರಬೇಕಿತ್ತು. 101 ರೂಪಾಯಿ ಹಿಡಿದಾಗ ಬೈಕೊಳ್ತಿದ್ದೆ, ಆವತ್ತಿಂದ ಬೈಯಲ್ಲ.

ಅಂದ್ರೆ ಸಂಬಳ ಬೇಕು ಅಂದ್ರೆ ಆಸ್ಪತ್ರೆ ಬಿಡಬೇಕು.

ನೇರಮಾತು
ಇದು ಮಾತ್ರ ಅನ್ಯಾಯ. ಎರಡು ಸರ್ಕಾರ ಮಾತಾಡ್ಕೊಬೇಕಲ್ವಾ.

ತೊಗರಿ ಕಣಜ
@ನೇರಮಾತು ಬಂದ್ರಿ ನೋಡ್ರಿ ಸಾಲಿಗಿ.

ತಡ್ಪೆ
ಲೈನ್ ನಂಬರ್ 7 ಅಕ್ಕ, ಕಾನೂನು ಬಂದರೂ ಕೈಗೆ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನಿಮ್ಮಲ್ಲಿ ಆ 417 ರೂಪಾಯಿಯ ಗಲಾಟೆ ಆಗಿತ್ತಲ್ಲ?

ಲೈನ್ ನಂಬರ್ 7
ಹೂಂ. ಗೊತ್ತಿಲ್ಲದವರಿಗೆ ಹೇಳ್ತೀನಿ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರುತ್ತೆ. 2020ರಲ್ಲಿ ಏರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ 60 ಪೈಸೆ. ದಿನಕ್ಕೆ 16 ರೂಪಾಯಿ, ಅಂದ್ರೆ ಒಂದು ಟೀ. ಕೊರೋನಾ ಅಂತ ಜುಲೈನಲ್ಲಿ ಸರ್ಕಾರ ಅದನ್ನ ಮುಂದಕ್ಕೆ ಹಾಕ್ತು. ಯೂನಿಯನ್‌ನವರು ಹೈಕೋರ್ಟಿಗೆ ಹೋದ್ರು, ಸೆಪ್ಟೆಂಬರ್‌ನಲ್ಲಿ ಕೋರ್ಟು ಸರ್ಕಾರದ ಆ ಆದೇಶಕ್ಕೆ ತಡೆ ಕೊಡ್ತು. ಆಮೇಲೂ ಎಷ್ಟೋ ಫ್ಯಾಕ್ಟರಿ ಕೊಡಲಿಲ್ಲ, ನಮ್ಮದೂ ಸೇರಿ. ಬಾಕಿ ಬಂದಿದ್ದು 2022ರಲ್ಲಿ, ಹೊರದೇಶದ ಬ್ರ್ಯಾಂಡುಗಳ ಕಡೆಯಿಂದ ಒತ್ತಾಯ ಬಿದ್ದ ಮೇಲೆ. ಆ ಮಧ್ಯೆ ಕೆಲಸ ಬಿಟ್ಟು ಊರಿಗೆ ಹೋದವರಲ್ಲಿ ಎಷ್ಟು ಜನಕ್ಕೆ ತಲುಪ್ತೋ ಗೊತ್ತಿಲ್ಲ. ನನ್ನ ಹಿಂದಿನ ಮಷೀನಿನವಳಿಗೆ ನಾನೇ ಫೋನ್ ಮಾಡಿ ಹೇಳಿದ್ದು, ಅವಳು ಪಾಂಡವಪುರದಿಂದ ಬಂದು ಇಸ್ಕೊಂಡಳು.

ಕೇಳಿದ್ರೆ ಸಿಗಲ್ಲ ಅಂತಲೂ ಹೇಳಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ಪೂರ್ತಿ ತೆಗೆಯೋಕೆ ಬಿಡಲ್ಲ, ಮಾಲೀಕರ ಪಾಲು 58 ವರ್ಷ ಆದಮೇಲೇ ಅಂತ ರೂಲ್ಸು ತಂದ್ರು. ಮೊದಲು ಬೊಮ್ಮನಹಳ್ಳಿಯಲ್ಲಿ ಎದ್ದು ಬಂದ್ರು, ಮಾರನೇ ದಿನ ನಾವೂ ಜಾಲಹಳ್ಳಿ ಕ್ರಾಸಲ್ಲಿ ಕೂತ್ವಿ. ನಮಗೆ ಯಾರೂ ಲೀಡರ್ ಇರಲಿಲ್ಲ. ಟೀ ಬ್ರೇಕಲ್ಲಿ ಹೊರಗೆ ಹೋದವರು ಒಳಗೆ ಬರಲೇ ಇಲ್ಲ ಅಷ್ಟೇ. ಆ ಸಂಜೆಯೇ ರೂಲ್ಸ್ ವಾಪಸ್.

ಕೋಡ್ ಕೂಲಿ
ಪಿಎಫ್ ಅಷ್ಟು ಯಾಕೆ ಮುಖ್ಯ ಆಯ್ತು? ನಾವು ಅದನ್ನ ನೋಡೋದೇ ಇಲ್ಲ.

ಲೈನ್ ನಂಬರ್ 7
ನಿಮಗೆ ಅದು ಮುಪ್ಪಿಗೆ. ನಮಗೆ ಅದು ಮಗಳ ಮದುವೆ, ಮನೆ ಅಡ್ವಾನ್ಸು, ಕಾಲೇಜ್ ಫೀಸು. ನಾಲ್ಕು ವರ್ಷ ಆದಮೇಲೆ ರಿಸೈನ್ ಮಾಡಿ, ಪಿಎಫ್ ತೆಗೆದು, ಪಕ್ಕದ ಫ್ಯಾಕ್ಟರಿಗೆ ಸೇರ್ತಾರೆ.

ಖಾತೆ ಕಿರ್ದಿ
ಹಾಗೆ ಬಿಟ್ಟಾಗ ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಮಾಲೀಕ ಕೊಡಬೇಕಾದ ಇಡುಗಂಟು, ಹೋಗುತ್ತದೆ. ಅದಕ್ಕೆ ಐದು ವರ್ಷದ ಸೇವೆ ಬೇಕು. ಐದು ತುಂಬುವ ಮೊದಲೇ ಹೆಂಗಸರು ತಾವಾಗಿಯೇ ರಾಜೀನಾಮೆ ಕೊಡುವುದರಿಂದ ಕಂಪನಿಗಳಿಗೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಯಾರೂ ಇಟ್ಟಿಲ್ಲ. ನಾನು ಬರೆಯುವ ಪುಸ್ತಕಗಳಲ್ಲಿ ಆ ಬಾಬತ್ತು ಹೆಚ್ಚಾಗಿ ಖಾಲಿ.

ನಲವತ್ತು ಮಷೀನು
ನನ್ನ ಹತ್ರ ಹನ್ನೊಂದು ವರ್ಷದಿಂದ ಇರೋರು ನಾಲ್ಕು ಜನ ಇದ್ದಾರೆ. ಅವರಿಗೆ ಕೊಡಬೇಕಾದದ್ದು ನೆನೆದರೆ ನಿದ್ದೆ ಬರಲ್ಲ. ಕೊಡ್ತೀನಿ. ಆದ್ರೆ ಹೇಳ್ತಾ ಇದ್ದೀನಿ.

ಲೈನ್ ನಂಬರ್ 7
ನಾನು ಆಕ್ಷೇಪಣೆ ಬರೆದಿದ್ದೀನಿ. ಮಗಳ ಕೈಲಿ ಬರೆಸಿದೆ, ಅವಳ ಅಕ್ಷರ ಚೆನ್ನಾಗಿದೆ. ಮೂರೇ ಸಾಲು. ಒಂದು, 0.8 ತೆಗೆದು 1 ಮಾಡಿ, ಅತ್ತೆ ಮಾವನ್ನೂ ಸೇರಿಸಿ. ಎರಡು, ಬಾಡಿಗೆಯನ್ನ ಬೆಂಗಳೂರಲ್ಲಿ ಒಂದು ಶೀಟ್ ಮನೆ ಕೇಳಿ ಬಂದು ಹಾಕಿ. ಮೂರು, ಇಎಸ್ಐ ಮಿತಿ ಏರಿಸೋಕೆ ಕೇಂದ್ರಕ್ಕೆ ಬರೀರಿ. ಮೂರನೇದು ಇವತ್ತು ಸೇರಿಸಿದ್ದು. ಎಲ್ಲಿ ಕೊಡಬೇಕು?

ಖಾತೆ ಕಿರ್ದಿ
ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಲೈನ್ ನಂಬರ್ 7
ಪೀಣ್ಯದಿಂದ ಅಲ್ಲಿಗೆ ಹೋಗಿ ಬರೋಕೆ ಒಂದು ದಿನ. ಭಾನುವಾರ ಆಫೀಸಿಲ್ಲ. ರಜೆ ಹಾಕಿದ್ರೆ ಆ ದಿನದ ಸಂಬಳ 515, ಜೊತೆಗೆ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತೆ.

ತಡ್ಪೆ
ಸ್ಪೀಡ್ ಪೋಸ್ಟ್ ಮಾಡಿ ಅಕ್ಕ.

ಲೈನ್ ನಂಬರ್ 7
ನಾವು ಬಿಡೋ ಹೊತ್ತಿಗೆ ಪೋಸ್ಟಾಫೀಸೂ ಬಾಗಿಲು ಹಾಕಿರುತ್ತೆ.

ಕೋಡ್ ಕೂಲಿ
ನಾನು ಇರೋದು ಜಯನಗರ, ಅಲ್ಲಿಂದ ಹತ್ತು ನಿಮಿಷ. ಫೋಟೋ ಬೇಡ, ಸಹಿ ಹಾಕಿದ ಕಾಗದವೇ ಬೇಕಾಗುತ್ತೆ. ಭಾನುವಾರ ಬಂದು ಇಸ್ಕೊಳ್ತೀನಿ, ಸೋಮವಾರ ಮುದ್ರೆ ಹಾಕಿಸಿ ಇಲ್ಲಿ ಹೇಳ್ತೀನಿ. ಹೇಗೂ ಕಾಲರ್ ಬೇರೆ ಕೂರಿಸಬೇಕಲ್ಲ.

ಲೈನ್ ನಂಬರ್ 7
ಬನ್ನಿ. ಮುದ್ದೆ ಉಣ್ತೀರಾ?